ಬಂದೆ ಕಣೇ

ನಮ್ಮ ಬೀದಿಯಲ್ಲಿ ಟೈಪ್ ಮೇಷ್ಟ್ರನ್ನು ತಿಳಿಯದವರಿಲ್ಲ. ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಅರ್ಜಿ, ಬಾಡಿಗೆ ಕರಾರು, ಪ್ರಶ್ನೆಪತ್ರಿಕೆ, ಕಳೆದುಹೋದ ನಾಯಿಯ ಪೋಸ್ಟರು, ಏನೇ ತಂದರೂ ಟೈಪು ಮಾಡಿ ಕೊಡುವವರು. ಬೇಕೆಂದವರಿಗೆ ಒಂದು ಕಾಲದಲ್ಲಿ ಟೈಪಿಂಗ್ ಕಲಿಸುತ್ತಿದ್ದರು, ಹೆಸರು ಹಾಗೇ ಅಂಟಿಕೊಂಡಿತು. ನನ್ನದು ಪಕ್ಕದ ಟೇಲರ್ ಅಂಗಡಿ. ನಡುವೆ ಇರುವುದು ಬರೀ ಹಲಗೆಯ ಗೋಡೆ. ಅವರು ಆ ಕಡೆ ಸೀನಿದರೆ ಈ ಕಡೆ ನನ್ನ ಸೂಜಿಯ ದಾರ ತಪ್ಪುತ್ತಿತ್ತು. ಹಾಗಾಗಿ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು, ಇಲ್ಲವೇ ಕಿವಿಯಾರೆ ಕೇಳಿದ್ದು. ಕದ್ದು ಕೇಳಿದಿರಾ ಎಂದು ಯಾರಾದರೂ ಕೆಣಕಿದರೆ, ತಪ್ಪು ನನ್ನದಲ್ಲ ಹಲಗೆಯದು ಎನ್ನುತ್ತೇನೆ.

ಮೇಷ್ಟ್ರು ನಿಧಾನದ ಮನುಷ್ಯ. ಎಷ್ಟು ನಿಧಾನವೆಂದರೆ, ಅವಸರದಲ್ಲಿ ಬಂದ ಗಿರಾಕಿ ಅವರ ಎದುರು ಕೂತು ಕೂತು ತನ್ನ ಅವಸರವನ್ನೇ ಮರೆಯುತ್ತಿದ್ದ. ಆದರೆ ಒಂದು ಅಕ್ಷರ ತಪ್ಪಿದ ಕಾಗದ ಆ ಅಂಗಡಿಯ ಹೊಸ್ತಿಲು ದಾಟಿದ್ದನ್ನು ನಾನು ಕಂಡಿಲ್ಲ. ಒಮ್ಮೆ ಒಬ್ಬ ಗಂಡಸು ತನ್ನ ಅಣ್ಣನ ಮೇಲೆ ದೂರು ಬರೆಸಲು ಬಂದ. ಮೇಷ್ಟ್ರು ಅವನ ಬೈಗುಳಗಳಲ್ಲಿದ್ದ ಒತ್ತಕ್ಷರಗಳನ್ನೆಲ್ಲ ತಿದ್ದಿ, ಓದಿ, ಮತ್ತೆ ತಿದ್ದುವಷ್ಟರಲ್ಲಿ ಅವನ ಕೋಪ ಇಳಿದು, ದೂರು ಬೇಡವೆಂದು ಎದ್ದು ಹೋದ. ಹೀಗೆ ಕೈಗೆ ಬಂದ ಗಿರಾಕಿಯನ್ನು ಕಳಿಸಿಬಿಟ್ಟರೆ ಹೊಟ್ಟೆಗೇನು ಮಾಡುತ್ತೀರಿ ಎಂದು ನಾನು ಹಲಗೆಯ ಈಚೆಯಿಂದಲೇ ಕೇಳಿದ್ದೆ. ಅವರು ನಕ್ಕರು, ಅಷ್ಟೇ.

ಕಂಪ್ಯೂಟರ್ ಬಂದಾಗ ಅವರ ತಲೆ ನರೆತಿತ್ತು. ಹೆದರಲಿಲ್ಲ, ಕಲಿತರು. ಆದರೆ ಅದಕ್ಕೂ ತಮ್ಮ ಸ್ವಭಾವವನ್ನೇ ಅಂಟಿಸಿದರು. ಒಳಗೆ ಹಾಕಿದ್ದನ್ನು ಒಂದನ್ನೂ ತೆಗೆಯುತ್ತಿರಲಿಲ್ಲ. ಸಾಲದ್ದಕ್ಕೆ, ಸ್ವಿಚ್ ಒತ್ತಿದ ಕೂಡಲೇ ಎಲ್ಲವೂ ತಾವಾಗಿಯೇ ತೆರೆದುಕೊಳ್ಳುವ ಹಾಗೆ ಮಾಡಿಟ್ಟಿದ್ದರು. "ಅಂಗಡಿ ಬಾಗಿಲು ತೆಗೆದ ಮೇಲೆ ಸಾಮಾನೆಲ್ಲ ಕಣ್ಣೆದುರಿಗೇ ಇರ್ಬೇಕಮ್ಮ, ಆಮೇಲೆ ತಡಕಾಡ್ಬಾರದು" ಎನ್ನುತ್ತಿದ್ದರು. ಆ ಮುದಿ ಯಂತ್ರ ಅಷ್ಟನ್ನೂ ಹೊತ್ತು ಏಳಬೇಕು. ಮೊದಲು ಮೂಲೆಯಲ್ಲಿ ಗಡಿಯಾರ ಬರುತ್ತಿತ್ತು. ತುಂಬಾ ಹೊತ್ತಾದ ಮೇಲೆ ಕನ್ನಡ ಅಕ್ಷರಗಳ ಕೀಲಿಮಣೆಯ ಚಿತ್ರ. ಆಮೇಲೆ ನಿಘಂಟು, ಕ್ಯಾಲೆಂಡರ್, ಸ್ಕ್ಯಾನರಿನ ಕಿಟಕಿ, ಪ್ರಿಂಟರಿನ ಕಿಟಕಿ. ನಾನು ಒಂದು ಅಂಗಿಗೆ ಕಾಲರ್ ಕೂಡಿಸಿ ಮುಗಿಸಿದರೂ ಆ ಕಡೆ ಇನ್ನೂ ಮೆರವಣಿಗೆ ನಡೆದೇ ಇರುತ್ತಿತ್ತು. ಎಲ್ಲಕ್ಕಿಂತ ಕೊನೆಗೆ ಒಂದು ಹಳದಿ ಚೀಟಿ ತೆರೆದುಕೊಳ್ಳುತ್ತಿತ್ತು. ಗೋಡೆಗೆ ಅಂಟಿಸುವ ಚೀಟಿ ಇರುತ್ತದಲ್ಲ, ಪರದೆಯ ಮೇಲೆ ಅದೇ ಥರದ್ದು.

ಆ ಚೀಟಿ ಮೇಷ್ಟ್ರ ಹೆಂಡತಿಯದು. ಅವರ ಮನೆ ಅಂಗಡಿಯ ಹಿಂದೆಯೇ, ನಡುವೆ ಒಂದು ಬಟ್ಟೆಯ ಪರದೆ. ಅವಳು ಒಳಗಿನಿಂದ ಊಟಕ್ಕೆ ಕರೆದರೆ ಪ್ರಿಂಟರಿನ ಸದ್ದಿನಲ್ಲಿ ಇವರಿಗೆ ಕೇಳಿಸುತ್ತಿರಲಿಲ್ಲ, ಅಥವಾ ಕೇಳಿಸಿಯೂ ಕೇಳಿಸುತ್ತಿರಲಿಲ್ಲ. ಒಂದು ದಿನ ಅವಳು ಸಿಟ್ಟು ನೆತ್ತಿಗೇರಿ ಹೊರಗೆ ಬಂದಳು. ಇವರು ಜಗಳವಾಡುವ ಬದಲು ಅವಳನ್ನೇ ಕುರ್ಚಿಯಲ್ಲಿ ಕೂರಿಸಿ, "ಬಾಯಲ್ಲಿ ಬೈದಿದ್ದು ಗಾಳಿಗೆ ಹೋಗುತ್ತೆ, ಇದರಲ್ಲಿ ಬೈ, ದಿನಾ ನೋಡ್ತೀನಿ" ಎಂದರು. ಅವಳು ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದಳು: "ಊಟ ಆರಿ ಹೊಗ್ತಿದೆ. ಬರ್ತೀರೋ ಇಲ್ವೋ?" 'ಹೋ'ಗೆ ದೀರ್ಘ ಬಿಟ್ಟುಹೋಗಿತ್ತು. ಊರಿನವರ ಅಕ್ಷರವನ್ನೆಲ್ಲ ತಿದ್ದುವ ಮನುಷ್ಯ ಆ ಒಂದು ದೀರ್ಘವನ್ನು ಕೊನೆಯವರೆಗೂ ತಿದ್ದಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಕೊನೆಯಲ್ಲಿ ಆ ಚೀಟಿ ಬಂದಾಗ ಮೇಷ್ಟ್ರು ಗಟ್ಟಿಯಾಗಿ "ಬಂದೆ ಕಣೇ" ಎನ್ನುತ್ತಿದ್ದರು. ಅದು ಗಂಡ ಹೆಂಡಿರ ತಮಾಷೆ. ಬೆಳಗಿನ ಹೊತ್ತಲ್ಲಿ ಯಾವ ಊಟ? ಒಳಗಿನಿಂದ ಅವಳ ಉತ್ತರವೂ ಸಿದ್ಧವಾಗಿರುತ್ತಿತ್ತು. "ಬಂದೆ ಅಂತೆ ಬಂದೆ! ಕುರ್ಚಿ ಬಿಟ್ಟು ಎದ್ದೇ ಇಲ್ಲ, ಆಗ್ಲೇ ಬಂದಾಯ್ತಂತೆ. ಅಕ್ಷರ ತಿದ್ದೋ ಮನುಷ್ಯನಿಗೆ ಬರ್ತೀನಿ ಯಾವುದು ಬಂದೆ ಯಾವುದು ಗೊತ್ತಿಲ್ಲ." ನಾವೆಲ್ಲ ಹಾಗೇ ಅಲ್ಲವೇ? ಬಾಗಿಲಾಚೆ ಯಾರೋ ಕೂಗಿದರೆ, ಇನ್ನೂ ಚಪ್ಪಲಿ ಹುಡುಕುತ್ತಲೇ ಬಂದೆ ಎನ್ನುತ್ತೇವೆ. ಆದರೆ ಮೇಷ್ಟ್ರು ಬಂದೆ ಎಂದರೆ ಇನ್ನೊಂದು ಅರ್ಧ ಗಂಟೆ ಎಂದು ಬೀದಿಗೇ ಗೊತ್ತಿತ್ತು.

ಅವಳ ಬಗ್ಗೆ ಒಂದು ಮಾತು ಈಗಲೇ ಹೇಳಬೇಕು. ಯಾವುದು ಇಷ್ಟವೋ ಅದನ್ನು ಬೈಯುವುದು ಅವಳ ಗುಣ. ಗಂಡ ಆಮೆ, ಮಗಳು ಪಿಶಾಚಿ, ಕಂಪ್ಯೂಟರ್ ದರಿದ್ರ ಪೆಟ್ಟಿಗೆ, ನಾನು ಬಾಯಿಬಡುಕಿ. ಕಟ್ಟಡದ ಮಾಲೀಕ ಬಂದರೆ ಮಾತ್ರ "ಬನ್ನಿ, ಕೂತ್ಕೊಳ್ಳಿ, ಎಷ್ಟು ಸೊರಗಿದ್ದೀರಲ್ಲ" ಎಂದು ಸಕ್ಕರೆ ಸುರಿಯುತ್ತಾಳೆ. ಅವನನ್ನು ಕಂಡರೆ ಅವಳಿಗೆ ಆಗುವುದಿಲ್ಲ. ಅವಳ ಬಾಯಿಂದ ಒಳ್ಳೆಯ ಮಾತು ಬಂತೆಂದರೆ ನನಗೆ ಭಯವೇ ಆಗುತ್ತದೆ.

ಒಂದು ಮಧ್ಯಾಹ್ನ ಹಲಗೆಯ ಆ ಕಡೆ ಕುರ್ಚಿ ಉರುಳಿದ ಸದ್ದಾಯಿತು. ಹೋಗಿ ನೋಡಿದರೆ ಮೇಷ್ಟ್ರು ನೆಲದ ಮೇಲೆ ಬಿದ್ದಿದ್ದರು, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಪಾರ್ಶ್ವವಾಯು. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಕಾಲು ಎಳೆದುಕೊಂಡಾದರೂ ನಡೆಯುತ್ತಿದ್ದರು. ನಾವು ಹೇಳಿದ್ದು ಅವರಿಗೆ ಅರ್ಥವಾಗುತ್ತಿತ್ತು ಎಂದು ನನ್ನ ನಂಬಿಕೆ. ಉತ್ತರ ಕೊಡಲು ಹೋಗುತ್ತಿದ್ದರು, ತುಟಿ ಅದುರುತ್ತಿತ್ತು, ಏನೂ ಬರುತ್ತಿರಲಿಲ್ಲ. ಜೀವನವಿಡೀ ಬೇರೆಯವರ ಮಾತಿಗೆ ಅಕ್ಷರ ಜೋಡಿಸಿ ಕೊಟ್ಟವರು. ತಮಗೆ ನೀರು ಬೇಕೆನ್ನಲು ಒಂದು ಅಕ್ಷರ ಸಿಗದೆ ಹೋಯಿತು. ಆ ದಿನಗಳಲ್ಲಿ ನಾನು ಯಾರ ಬಟ್ಟೆಯನ್ನೂ ನೆಟ್ಟಗೆ ಹೊಲಿಯಲಿಲ್ಲ.

ಆಸ್ಪತ್ರೆಯಿಂದ ಬಂದ ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಅವರು ತಾವಾಗಿಯೇ ಹೊರಗೆ ಬಂದು, ಅಂಗಡಿಯ ಕುರ್ಚಿಯಲ್ಲಿ ಕೂತು, ಎಡಗೈಯಿಂದ ಸ್ವಿಚ್ ಒತ್ತಿದರು. ಹೆಂಡತಿ ಹಿಂದೆ ನಿಂತಿದ್ದಳು. ಗಡಿಯಾರ ಬಂತು. ಮೇಷ್ಟ್ರು, "ಗಡಿಯಾರ" ಎಂದರು.

ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳಂತೆ. ಕೀಲಿಮಣೆ ಬಂತು, "ಕೀಲಿಮಣೆ" ಎಂದರು. ನಿಘಂಟು, ಕ್ಯಾಲೆಂಡರ್, ಒಂದೊಂದು ತೆರೆದುಕೊಂಡ ಹಾಗೂ ಅದರ ಹೆಸರು. ತೊದಲು ನಾಲಿಗೆಯಲ್ಲೇ, ಆದರೂ ಹೆಸರು. ಕೊನೆಗೆ ಹಳದಿ ಚೀಟಿ ಬಂದಾಗ ಅವರು ಅರ್ಧ ತಿರುಗಿ, "ಬಂದೆ ಕಣೇ" ಎಂದರು. ಎಂದವರು ಹಾಗೇ ಎದ್ದು, ಕಾಲೆಳೆದುಕೊಂಡು ಒಳಗೆ ಹೋಗಿ ತಟ್ಟೆಯ ಮುಂದೆ ಕೂತರು. ಅಷ್ಟು ವರ್ಷಗಳಲ್ಲಿ ಬಂದೆ ಎಂದ ಕೂಡಲೇ ಅವರು ಬಂದದ್ದು ಅದೇ ಮೊದಲು. ಅವಳು ನನ್ನ ಅಂಗಡಿಗೆ ಓಡಿಬಂದು, ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತಳು. "ಆ ಆಮೆ ಮಾತಾಡ್ತು ಅಕ್ಕ" ಎಂದಳು. ನಾನೂ ಅತ್ತೆ. ಯಾಕೆ ಮುಚ್ಚಿಡಲಿ?

ಆಮೇಲೆ ದಿನಾ ಅದೇ ನಡೆಯಿತು. ಬೆಳಿಗ್ಗೆ ಆ ಕಾಲು ಗಂಟೆ ಮಾತ್ರ ಮಾತು. ಯಂತ್ರ ಎಷ್ಟು ತಡ ಮಾಡುತ್ತಿತ್ತೋ ಅಷ್ಟೇ ತಡವಾಗಿ ಒಂದೊಂದು ಪದ ಅವರ ನಾಲಿಗೆಗೆ ಬರುತ್ತಿತ್ತು. ಇಬ್ಬರ ನಿಧಾನವೂ ಸರಿಹೊಂದಿಬಿಟ್ಟಿತ್ತು. ಉಳಿದ ದಿನವೆಲ್ಲ ಮೌನ. ಅವಳಿಗೆ ಗಡಿಯಾರ, ಸ್ಕ್ಯಾನರು ಯಾವುದೂ ಬೇಕಿರಲಿಲ್ಲ. ಕುರ್ಚಿಯ ಹಿಂದೆ ಸೆರಗು ಹಿಡಿದು ನಿಂತು, ಕೊನೆಯ ಆ ಎರಡು ಪದಗಳಿಗೆ ಕಾಯುತ್ತಿದ್ದಳು. ಅದರ ಮೇಲೆ ಮರುದಿನದವರೆಗೆ ಬದುಕುತ್ತಿದ್ದಳು.

ನನ್ನ ಹೊರತು ಯಾರಿಗೂ ಅವಳು ಹೇಳಲಿಲ್ಲ. ಮಗಳಿಗೂ ಹೇಳಲಿಲ್ಲ. "ಹೇಳೇ, ಅವಳಿಗೂ ಸಮಾಧಾನ ಆಗುತ್ತೆ" ಎಂದು ನಾನು ಬೈದೆ. "ಹೇಳಿದ್ರೆ ಎಲ್ರೂ ಬಂದು ಮಾತಾಡ್ಸಿ ನೋಡ್ತಾರೆ ಅಕ್ಕ. ಎಲ್ಲಿ, ಇನ್ನೊಂದ್ಸಲ ಹೇಳಿ ಅಂತಾರೆ. ಫೋನಲ್ಲಿ ಹಿಡೀತಾರೆ. ಇರೋ ಆ ಮಾತೂ ಹೆದರಿ ಹೋಗಿಬಿಟ್ರೆ?" ಎಂದಳು. ಎದ್ದು ಬಾಗಿಲವರೆಗೆ ಹೋಗಿ, "ಅದೊಂದು ನನಗೇ ಇರಲಿ ಬಿಡು" ಎಂದಳು.

ಮಗಳು ದೂರದ ಊರಿನ ಒಂದು ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೌಂಟರಿನಲ್ಲಿದ್ದಾಳೆ. ದಿನಾ ಫೋನು ಮಾಡುತ್ತಿದ್ದಳು. ತಾಯಿ ಎಂದಿನಂತೆ ಬೈಯುತ್ತಿದ್ದಳು. "ನಿಮ್ಮಪ್ಪನ ಆ ದರಿದ್ರ ಪೆಟ್ಟಿಗೆ ಎದ್ದೇಳೋಷ್ಟರಲ್ಲಿ ನನ್ನ ಕಾಲು ಬಿದ್ದುಹೋಗುತ್ತೆ ಕಣೇ. ದಿನಾ ಅದರ ಹಿಂದೆ ನಿಂತೂ ನಿಂತೂ ಸಾಕಾಯ್ತು." ತಾಯಿಯ ಬೈಗುಳದಲ್ಲೇ ಬೆಳೆದ ಮಗಳಿಗೆ ಗೊತ್ತಾಗಬಾರದಿತ್ತೇ ಎಂದು ಕೇಳಬಹುದು. ಆದರೆ ದೂರದಲ್ಲಿ ಕೂತು ಏನೂ ಮಾಡಲಾಗದೆ ಒದ್ದಾಡುವವರಿಗೆ, ಮಾಡಬಹುದಾದ ಒಂದು ಕೆಲಸ ಸಿಕ್ಕಿದರೆ ಸಾಕು, ಕಿವಿ ಅಷ್ಟನ್ನೇ ಹಿಡಿದುಕೊಳ್ಳುತ್ತದೆ. ಅವಳ ಕೌಂಟರಿನ ಕಂಪ್ಯೂಟರೂ ಒಮ್ಮೆ ಹೀಗೇ ತೆವಳುತ್ತಿತ್ತಂತೆ. ಸಾಲಿನಲ್ಲಿ ನಿಂತ ರೋಗಿಗಳು ಇವಳಿಗೆ ಶಾಪ ಹಾಕುತ್ತಿದ್ದರಂತೆ. ರಿಪೇರಿಯವನು ಬಂದು ಅದನ್ನು ಚುರುಕು ಮಾಡುವ ಬಗೆ ತೋರಿಸಿಕೊಟ್ಟಿದ್ದ.

ರಜೆ ಹಾಕಿ ಬಂದಳು. ಬಂದ ದಿನವೇ ತಾಯಿ ಸಂತೆಗೆ ಹೋಗಿದ್ದ ಹೊತ್ತು, ಅಪ್ಪ ಮಲಗಿದ್ದ ಹೊತ್ತು ನೋಡಿ ಕಂಪ್ಯೂಟರಿನ ಮುಂದೆ ಕೂತಳು. ನಾನು ಬಾಗಿಲಲ್ಲಿ ಇಣುಕಿ ಏನು ಮಾಡುತ್ತಿದ್ದೀಯೇ ಎಂದೆ. ಖುಷಿಯಿಂದ ವಿವರಿಸಿದಳು. "ನೋಡಿ ಅತ್ತೆ, ಟಾಸ್ಕ್ ಮ್ಯಾನೇಜರ್ ಅಂತ ಇದೆ. ಅದರಲ್ಲಿ ಸ್ಟಾರ್ಟಪ್ ಅನ್ನೋದು ಒತ್ತಿದ್ರೆ, ಆನ್ ಮಾಡಿದ ತಕ್ಷಣ ಯಾವ್ಯಾವ ಪ್ರೋಗ್ರಾಮ್ ತಾನಾಗೇ ಏಳುತ್ತೆ ಅಂತ ಕಾಣುತ್ತೆ. ಅಪ್ಪ ಎಷ್ಟೊಂದು ಇಟ್ಟಿದ್ದಾರೆ! ಎಲ್ಲಾ ಒಟ್ಟಿಗೆ ಬಾಗಿಲಿಗೆ ನುಗ್ಗಿದ್ರೆ ಯಾವುದು ತಾನೇ ಬೇಗ ಹೊರಗೆ ಬರುತ್ತೆ? ಒಂದೊಂದನ್ನೇ ಬಂದ್ ಮಾಡ್ತಾ ಇದ್ದೀನಿ. ಯಾವುದನ್ನೂ ಅಳಿಸಲ್ಲ, ಬೇಕಾದಾಗ ತೆಗೀಬಹುದು. ವೈರಸ್ಸಿಗೆ ಕಾವಲಿರೋದನ್ನ ಮಾತ್ರ ಮುಟ್ಟಬಾರದು."

ಯಂತ್ರದ ವಿಷಯ ನನಗೆ ತಿಳಿಯದು. ಯಾವುದನ್ನೂ ಅಳಿಸುವುದಿಲ್ಲ ಎಂದಳಲ್ಲ, ನಾನು ಬ್ಲೌಸಿನ ಕೆಲಸಕ್ಕೆ ಹಿಂದಿರುಗಿದೆ.

ಮರುದಿನ ಬೆಳಿಗ್ಗೆ ಮೇಷ್ಟ್ರು ಕೂತರು. ಮಗಳು ಅವರ ಪಕ್ಕದಲ್ಲಿ ನಿಂತಿದ್ದಳು, ಉಡುಗೊರೆ ಬಿಚ್ಚುವುದನ್ನು ನೋಡುವವರ ಮುಖ ಹೊತ್ತು. ಹೆಂಡತಿ ಹಿಂದೆ ತನ್ನ ಜಾಗದಲ್ಲಿದ್ದಳು. ನಾನು ಬಾಗಿಲಲ್ಲಿದ್ದೆ. ಸ್ವಿಚ್ ಒತ್ತಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆ ಎದ್ದು ನಿಂತಿತು. ಗಡಿಯಾರವಿಲ್ಲ, ಕೀಲಿಮಣೆಯಿಲ್ಲ, ನೀಲಿ ಪರದೆ ತೊಳೆದಿಟ್ಟಂತೆ ಖಾಲಿ. "ಹೇಗಿದೆ ಅಪ್ಪಾ!" ಎಂದು ಮಗಳು ಚಪ್ಪಾಳೆ ತಟ್ಟಿದಳು.

ಮೇಷ್ಟ್ರು ಕಾದರು. ಗಡಿಯಾರ ಬರುವ ಮೂಲೆಯನ್ನೇ ನೋಡುತ್ತಾ ಕಾದರು. ತುಟಿ ಸಿದ್ಧವಾಗಿ ಅರ್ಧ ತೆರೆದಿತ್ತು. ಎಷ್ಟೋ ಹೊತ್ತಿನ ಮೇಲೆ ಅದು ಮುಚ್ಚಿಕೊಂಡಿತು. ಹೆಂಡತಿ ಮಗಳ ಕಡೆ ತಿರುಗಿದಳು. ಮಗಳ ಕಣ್ಣಲ್ಲಿ ಸಂತೋಷದ ನೀರಿತ್ತು.

"ಬಂಗಾರದಂಥ ಕೆಲಸ ಮಾಡ್ದೆ ಮಗಳೇ" ಎಂದಳು ತಾಯಿ.

ಪಿಶಾಚಿ ಎನ್ನಲಿಲ್ಲ, ಮಗಳೇ ಎಂದಳು. ಆಮೇಲೆ ಗಂಡನ ಕೈ ಹಿಡಿದು ಎಬ್ಬಿಸಿ ಊಟದ ಮನೆಗೆ ಕರೆದುಕೊಂಡು ಹೋದಳು. ಅವರು ತಾವಾಗಿ ಏಳಲಿಲ್ಲ.

ನಾಳೆ ಹೇಳಿಯಾರು, ನಾಡಿದ್ದು ಹೇಳಿಯಾರು ಎಂದು ಅವಳು ಕಾದಳು. ಮಗಳು ಇದ್ದಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಳು. "ಪಾಪ, ಆಸೆಯಿಂದ ಮಾಡಿದ್ದಾಳೆ ಅಕ್ಕ. ಅಪ್ಪನ ನಾಲಿಗೆಯನ್ನೇ ಕಿತ್ತೆ ಅಂತ ಹೇಗೆ ಹೇಳಲಿ?" ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು. ನನಗೋ ಒಳಗೇ ಬೆಂಕಿ. ಮಗಳು ಊರಿಗೆ ಹೊರಡುವ ಹಿಂದಿನ ದಿನ, ಉದ್ದ ಜಾಸ್ತಿಯಾದ ಒಂದು ಸಲ್ವಾರ್ ಕಡಿಮೆ ಮಾಡಿಸಲು ನನ್ನ ಅಂಗಡಿಗೆ ಬಂದಳು. ಬಂದವಳು ಸುಮ್ಮನಿರದೆ, "ಅಪ್ಪ ಯಾಕೋ ಮಂಕಾಗಿದ್ದಾರೆ ಅಲ್ವಾ ಅತ್ತೆ?" ಎಂದಳು. ಅಷ್ಟೇ ಸಾಕಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಅಳತೆ ಪಟ್ಟಿ ಕೆಳಗೆಸೆದು ಎಲ್ಲವನ್ನೂ ಹೇಳಿಬಿಟ್ಟೆ. ಹೇಳಿದ್ದು ತಪ್ಪೆಂದು ನನಗೆ ಇವತ್ತಿಗೂ ಅನಿಸಿಲ್ಲ. ಸರಿಪಡಿಸಬಲ್ಲವಳು ಅವಳೊಬ್ಬಳೇ ಎಂದು ಆಗ ನಂಬಿದ್ದೆ.

ಆ ಹುಡುಗಿ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಬಂದ್ ಮಾಡಿದ್ದನ್ನೆಲ್ಲ ಮತ್ತೆ ಶುರುವಾಗುವಂತೆ ಮಾಡಿದಳು, ಒಂದನ್ನೂ ಬಿಡಲಿಲ್ಲ. ಆರಿಸಿ, ಹೊತ್ತಿಸಿ, ಯಂತ್ರ ಮೊದಲಿನಂತೆಯೇ ತೆವಳುತ್ತದೆಂದು ಖಾತ್ರಿ ಮಾಡಿಕೊಂಡಳು. ಹಳದಿ ಚೀಟಿ ತನ್ನ ತಪ್ಪು ಅಕ್ಷರದ ಸಮೇತ ಕೊನೆಯಲ್ಲಿ ಬಂತು. ಅದನ್ನು ಕಂಡು ಅಲ್ಲೇ ಕುಸಿದು ಕೂತಳು.

ಬೆಳಿಗ್ಗೆ ನಾವು ಮೂವರು ಹೆಂಗಸರೂ ಕುರ್ಚಿಯ ಹಿಂದೆ ನಿಂತೆವು. ಗಡಿಯಾರ ಬಂತು. ಮೇಷ್ಟ್ರು ಅದನ್ನು ನೋಡಿದರು. ತುಟಿ ಅದುರಿತು. ಏನೂ ಬರಲಿಲ್ಲ. ಕೀಲಿಮಣೆ ಬಂತು. ನಿಘಂಟು ಬಂತು. ಎಲ್ಲವೂ ಇತ್ತು, ಎಲ್ಲವೂ ಮೊದಲಿನ ಹಾಗೆಯೇ ಇತ್ತು. ಅವರೊಳಗೆ ಮಾತ್ರ ಆ ದಾರಿ ಮುಚ್ಚಿಹೋಗಿತ್ತು. ಮಗಳಿಗೆ ತಡೆಯಲಾಗಲಿಲ್ಲ. ಮುಂದೆ ಬಾಗಿ ಮೌಸಿನ ಮೇಲೆ ಕೈಯಿಟ್ಟು, ಬಾಣದ ಗುರುತನ್ನು ಗಡಿಯಾರದ ಮೇಲೆ ಆಡಿಸಿ, "ಅಪ್ಪಾ, ಇದೇನು ಹೇಳಿ? ಹೇಳಿ ಅಪ್ಪಾ" ಎಂದಳು.

ಮೇಷ್ಟ್ರು ಮೌಸಿನ ಮೇಲಿದ್ದ ಆ ಕೈಯನ್ನು ನೋಡಿದರು. ಟೈಪಿಂಗ್ ಕಲಿಸುವ ಕಾಲದಿಂದ ಅವರಿಗೊಂದು ನಿಯಮವಿತ್ತು. ಯಂತ್ರದ ಮೇಲೆ ಕಲಿಯುವವರು ಕೈಯಿಟ್ಟರೆ ಕುರ್ಚಿಯೂ ಅವರದೇ. ಮೇಷ್ಟ್ರು ಮೇಜು ಹಿಡಿದು ನಿಧಾನವಾಗಿ ಎದ್ದರು. ಎಡಗೈಯಿಂದ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಮಗಳಿಗೆ ತೋರಿಸಿದರು, ಕೂತುಕೋ ಎಂಬಂತೆ. ಹಳದಿ ಚೀಟಿ ತೆರೆದುಕೊಂಡಾಗ ಕುರ್ಚಿ ಖಾಲಿ ಇತ್ತು. ಮಗಳು ಅವರ ಕಾಲ ಬಳಿ ಕೂತು ಬಿಕ್ಕಿಬಿಕ್ಕಿ ಅಳುತ್ತಿದ್ದಳು, ಅವರು ಅವಳ ತಲೆ ಸವರುತ್ತಿದ್ದರು. ಯಾಕೆ ಅಳುತ್ತಿದ್ದಾಳೆಂದು ಅವರಿಗೆ ತಿಳಿದಿತ್ತೋ ಇಲ್ಲವೋ.

ರಜೆ ಮುಗಿದು ಅವಳು ಹೋದಳು. ಹೋದವಳು ಅಲ್ಲಿ ಸರಿಯಾಗಿ ಉಣ್ಣುತ್ತಿಲ್ಲ, ಕೌಂಟರಿನಲ್ಲಿ ಕೂತಲ್ಲೇ ಅಳುತ್ತಾಳೆ ಎಂದು ಜೊತೆಯವರು ಫೋನು ಮಾಡಿದರು. ಡಾಕ್ಟರನ್ನು ಕೇಳಿದರೆ, ಅದು ಅಭ್ಯಾಸದ ಬಲದಿಂದ ಬರುತ್ತಿದ್ದ ಮಾತು, ನಡುವೆ ಕಡಿದರೂ ಕಡಿಯಬಹುದು, ತಾನಾಗಿಯೇ ನಿಂತಿರಲೂಬಹುದು ಎಂದರು. ಇರಲೂಬಹುದು, ಇಲ್ಲದಿರಲೂಬಹುದು. ಅದನ್ನು ಕಟ್ಟಿಕೊಂಡು ಆ ಹುಡುಗಿ ಏನು ಮಾಡಬೇಕು?

ಒಂದು ಬೆಳಿಗ್ಗೆ ನಾನು ಅವರ ಅಂಗಡಿಯಲ್ಲೇ ಕೂತಿದ್ದೆ. ಮೆರವಣಿಗೆ ಮುಗಿದು ಚೀಟಿ ಬಂದಿತ್ತು, ಮೇಷ್ಟ್ರು ಎಂದಿನಂತೆ ಬಾಯಿ ಬಿಡದೆ ಕೂತಿದ್ದರು. ಫೋನು ಬಂತು. ನನ್ನ ಗೆಳತಿ ಎತ್ತಿಕೊಂಡು, "ಇವತ್ತು ನಿಮ್ಮಪ್ಪ ಮಾತಾಡಿದ್ರು ಮಗಳೇ" ಎಂದಳು.

ನಾನು ತಲೆಯೆತ್ತಿ ನೋಡಿದೆ. ಆ ಕಡೆಯಿಂದ ಸಣ್ಣ ದನಿ, "ಸುಳ್ಳು ಹೇಳ್ಬೇಡಮ್ಮ." ತಾಯಿಯ ಬಾಯಿಯ ಸಿಹಿಗೆ ಅರ್ಥವೇನೆಂದು ಈಗ ಆ ಮಗಳಿಗೂ ಗೊತ್ತಾಗಿತ್ತು.

ನನ್ನ ಗೆಳತಿ ಕಣ್ಣು ಮುಚ್ಚಿಕೊಂಡಳು. ಗಂಟಲು ಸರಿಮಾಡಿಕೊಂಡು, ಎಲ್ಲಿಂದ ತಂದಳೋ ಆ ಹಳೆಯ ದನಿಯನ್ನು, ಬೈಯತೊಡಗಿದಳು. "ಸುಳ್ಳು ಯಾಕೆ ಹೇಳಲೇ ಪಿಶಾಚಿ? ಆ ಆಮೆ ಇಷ್ಟು ದಿನ ನನ್ನ ಹೊಟ್ಟೆ ಉರಿಸಿ, ಇವತ್ತು ಏನೂ ಆಗೇ ಇಲ್ಲ ಅನ್ನೋ ಹಾಗೆ ಬಾಯಿ ಬಿಡ್ತು. ಆ ದರಿದ್ರ ಪೆಟ್ಟಿಗೆ ಮುಂದೆ ನಿಂತು ನನ್ನ ಕಾಲು ಬಿದ್ದುಹೋಯ್ತು!" ಕಣ್ಣಿಂದ ನೀರು ಸುರಿಯುತ್ತಿತ್ತು, ದನಿಯಲ್ಲಿ ಒಂದು ಹನಿಯೂ ಇರಲಿಲ್ಲ. ಆ ಕಡೆ ಮಗಳು ಅಳುತ್ತಾ ನಗುವುದು ನನಗೂ ಕೇಳಿಸಿತು.

"ಏನಂದ್ರಮ್ಮ? ಏನಂದ್ರು ಹೇಳು."

ಅವಳು ಗಂಡನ ಮುಖ ನೋಡಿದಳು. ಅವರು ಅವಳನ್ನೇ ನೋಡುತ್ತಿದ್ದರು.

"ಬಂದೆ ಕಣೇ, ಅಂದ್ರು."

"ಫೋನು ಕೊಡಮ್ಮ ಅಪ್ಪನಿಗೆ, ನಾನೂ ಕೇಳ್ತೀನಿ."

"ಆಗಲೇ ಒಳಗೆ ಹೋಗಿ ತಟ್ಟೆ ಮುಂದೆ ಕೂತಾಯ್ತು. ಉಣ್ಣಲಿ ಬಿಡು."

ಮಗಳು ಈಗ ಸರಿಯಾಗಿ ಉಣ್ಣುತ್ತಿದ್ದಾಳಂತೆ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಫೋನು ಮಾಡಿ ಅಪ್ಪ ಹೇಳಿದರೇ ಎಂದು ಕೇಳುತ್ತಾಳೆ. ಹಲಗೆಯ ಈ ಕಡೆ ನಾನು ಮಿಷನ್ ನಿಲ್ಲಿಸಿ ಕೂತಿರುತ್ತೇನೆ. ಬಂದೆ ಕಣೇ ಅಂದರು ಎಂದು ನನ್ನ ಗೆಳತಿ ದಿನಾ ಹೇಳುತ್ತಾಳೆ. ಆಮೇಲೆ ಫೋನಿಟ್ಟು, ಅವರ ಕೈ ಹಿಡಿದು ಎಬ್ಬಿಸಿ, ಒಳಗೆ ಕರೆದುಕೊಂಡು ಹೋಗುತ್ತಾಳೆ.